ಏನಂದ್ರಿ ಮಲಕಾರಿ ಹಚ್ಚಿದ ಚಿತ್ರ

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದ ಹೋಗಿ, ರೇಡಿಯಂ ಅಂಗಡಿ ಮಲಕಾರಿ ಎಲ್ಲಿ ಅಂತ ಕೇಳ್ರಿ. ‘ಯಾರು, ಏನಂದ್ರಿ ಮಲಕಾರಿನೇನು?’ ಅಂತ ಮೊದಲ ನಗ್ತಾರ, ಆಮ್ಯಾಲೆ ದಾರಿ ತೋರಸ್ತಾರ. ಸ್ಟಿಕರ್ ಹಚ್ಚೋದರಾಗ ಅವನ ಕೈ ಬಂಗಾರ, ಸುಳ್ಳ ಯಾಕ ಹೇಳಬೇಕು? ಅಂವ ಹಚ್ಚಿದ ಹೆಸರು ಟ್ರ್ಯಾಕ್ಟರ್ ಗುಜರಿಗೆ ಹೋದ್ರೂ ಬಿಡಂಗಿಲ್ಲ. ಆದ್ರ ಯಾರು ಏನ ಹೇಳಿದ್ರೂ ‘ಏನಂದ್ರಿ?’ ಅಂತಾನ. ಕಿವುಡ ಅಲ್ಲ ಮತ್ತ. ಅಂಕಲಿಯೊಳಗ ಅಪ್ಪನ ಕುರಿ ಹಿಂದ ಅಡ್ಡಾಡಿ ಕನ್ನಡದಾಗ ಬೆಳದಂವ, ಅಂಗಡಿಗೆ ಬರೋರು ಅರ್ಧ ಮರಾಠಿ. ಒಮ್ಮೆ ಒಬ್ಬಾಂವ ಟ್ರಾಲಿ ತಂದು ‘ನಾವ್ ಹಿರವಾ ಹಚ್ಚು’ ಅಂದಿದ್ದ. ಹಸಿರು ಬಣ್ಣದಾಗ ಹೆಸರು ಹಚ್ಚು ಅಂತ ಅವನ ಲೆಕ್ಕ. ನಮ್ಮ ಮಲಕಾರಿ ‘ಹಿರವ್ವ’ ಅಂತ ಯಾವುದೋ ಮುತ್ತಜ್ಜಿ ಹೆಸರು ಹಚ್ಚಿ ಕಳಿಸಿದ. ಅಂದಿನಿಂದ ಕೇಳದಽ ಕೆಲಸಕ್ಕ ಕೈ ಹಚ್ಚಂಗಿಲ್ಲ.

ಅವತ್ತು ಮುಂಜಾನೆ ಹೆಂಡತಿ ಉಜ್ವಲಾ ಚಹಾ ಕೊಡ್ತಾ ಸಿಡಿದಳು. “ಏನಂದ್ರಿ ಏನಂದ್ರಿ ಅಂತ ಇದ್ದ ಮರ್ಯಾದಿ ಎಲ್ಲಾ ಹೋತು. ಊರ ಮಂದಿ ನನಗೂ ಏನಂದ್ರಿಬಾಯಿ ಅನ್ನಾಕತ್ತಾರ. ಇವತ್ತೊಂದಿನ ಗಪ್ಪನ ತಲಿ ಅಲ್ಲಾಡಸ್ರಿ!”

“ಏನಂದಿ?” ಅಂದ ಮಲಕಾರಿ.

ಉಜ್ವಲಾ ಕಪ್ಪು ಕುಕ್ಕಿದ ಸಪ್ಪಳಕ್ಕ ಬೆಕ್ಕು ಓಡಿ ಹೋತು. ಪಾಪ, ಮಲಕಾರಿಗೂ ನಾಚಿಕಿ ಆತು. ಇವತ್ತು ಕೇಳಂಗಿಲ್ಲ ಅಂದ್ರ ಕೇಳಂಗಿಲ್ಲ ಅಂತ ಹಟ ಹಿಡಿದು ಅಂಗಡಿಗೆ ಬಂದ.

ಬರೂದಽ ತಡ, ಅಥಣಿ ಕಡೆ ಅನಂತಪುರದ ರಾವಸಾಹೇಬರು ಪಿಕಪ್ ತಂದು ನಿಲ್ಲಿಸಿದ್ರು. ದ್ರಾಕ್ಷಿ ತೋಟದವರು, ದೊಡ್ಡ ಮನಷ್ಯಾ. ಅವರ ತಮ್ಮ ಅಭಿನಂದನ ಅಥಣಿಯೊಳಗ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದ. ಹೋದ ವರ್ಷ ಎದಿ ಹಿಡಕೊಂಡು ಕುಂತಾಂವ ಏಳಲಿಲ್ಲ. ಅವನ ಒಂದು ಗೇಮ್ ಮಶೀನು ಮನ್ಯಾಗ ಉಳಿದಿತ್ತು. ಅದನ್ನ ಅಂವ ತಂದ ದಿನ ಹೆಂಗಿತ್ತೋ ಹಂಗ ಮಾಡಿ ಇಡಬೇಕು ಅಂತ ಅಣ್ಣನ ಆಸೆ. ಆಡೋರು ಒತ್ತೋ ಗುಂಡಿ, ಹ್ಯಾಂಡಲ್ ಬಿಚ್ಚಿ, ಮಶೀನಿನ ಮ್ಯಾಲಿನ ತಗಡನ್ನ ಅಷ್ಟಽ ತಂದು ಮೇಜಿನ ಮ್ಯಾಲ ಇಟ್ರು. ಅದರ ಮ್ಯಾಲಿನ ವಿಮಾನದ ಚಿತ್ರ ಹುಡುಗರ ಅಂಗೈ ತಿಕ್ಕಿ ತಿಕ್ಕಿ ಬೆಳ್ಳಗಾಗಿತ್ತು. ಜೋಡಿಗೆ ಒಂದು ಸುರುಳಿ ತಂದಿದ್ರು. ಮಶೀನಿನ ಜೋಡಿ ಬಂದ ಅಂಥಾದ್ದಽ ಇನ್ನೊಂದು ಅಸಲಿ ಸ್ಟಿಕರ್, ಅಭಿನಂದನ ಅದನ್ನ ಹಚ್ಚದಽ ಪೈಪಿನಾಗ ಕಾಯ್ದಿಟ್ಟಿದ್ದ.

“ಇಲ್ಲಿ ನೋಡು, ಹೆಂಗ ಗೀಚ್ಯಾನ,” ಅಂತ ರಾವಸಾಹೇಬರು ಹಳೇ ಚಿತ್ರದ ಮೂಲ್ಯಾಗ ಬೆರಳು ಆಡಿಸಿದ್ರು. “ಮೊದಲ ಹಳೇ ಚಿತ್ರ ನೆಟ್ಟಗ ತಗಿ. ಆಮ್ಯಾಲೆ ಇದನ್ನ ಹಚ್ಚು. ಉಳಿದದ್ದು ಸಂಜಿಕ್ ಬಂದು ಹೇಳ್ತೇನಿ.”

ಈಗ ನಮ್ಮ ಕಡೆ ‘ತಗಿ’ ಅನ್ನೋ ಮಾತು ಎಂಥಾದ್ದು ನೋಡ್ರಿ. ಚಿತ್ರ ಬರೆಯೋದೂ ತಗಿಯೋದಽ, ಫೋಟೋ ಹೊಡೆಯೋದೂ ತಗಿಯೋದಽ, ಕಿತ್ತು ಒಗೆಯೋದೂ ತಗಿಯೋದಽ. ರಾವಸಾಹೇಬರು ಹೇಳಿದ್ದು ಫೋಟೋ. ಆ ಗೀಚು ತಮ್ಮನ ಕೈಬರಹ. ಫೋಟೋ ನೋಡಿ ಅದನ್ನ ಹಂಗಽ ರೇಡಿಯಂ ಸ್ಟಿಕರಿನಾಗ ಕತ್ತರಿಸಿ ಹೊಸ ಚಿತ್ರದ ಮ್ಯಾಲ ಹಚ್ಚಿಸಬೇಕು ಅಂತ ಅವರ ಮನಸಿನಾಗ. ‘ಏನಂದ್ರಿ?’ ಅನ್ನೋದು ಮಲಕಾರಿ ನಾಲಿಗಿ ತುದಿಗೆ ಬಂತು. ನುಂಗಿದ. ತಲಿ ಅಲ್ಲಾಡಿಸಿದ. ಹಾಳಾದ ತಲಿ!

ಕೂದಲ ಒಣಗಿಸೋ ಮಶೀನಿನ ಬಿಸಿ ಗಾಳಿ ಬಿಟ್ಟು ಹಳೇ ಚಿತ್ರ ಎಬ್ಬಿಸಿದ. ಅದು ಪುಡಿಪುಡಿಯಾಗಿ ಬಂತು. ಕಸದ ಗಾಡಿ ಬಂದಿತ್ತು, ಒಗೆದ. ಥಿನ್ನರ್ ಹಚ್ಚಿ ಅಂಟು ತಿಕ್ಕಿದ. ಮೂಲ್ಯಾಗ ಗೀರು ತಗಡಿನ ಮಟ ಇಳಿದಿದ್ವು. ಬಗ್ಗಿ ನೋಡಿದ್ರ ಅಕ್ಷರದಂಗ ಕಂಡ್ವು. ಇವನ್ನ ಮುಚ್ಚಬೇಕೋ ಬಿಡಬೇಕೋ? ಫೋನ್ ಹಚ್ಚಿ ಕೇಳಲೇನು? ಫೋನ್ ಕೈಗೆ ತಗೊಂಡ, ಮತ್ತ ಕೆಳಗಿಟ್ಟ. ‘ಹೆಂಗ ಗೀಚ್ಯಾನ’ ಅಂದ್ರಲ್ಲ, ಸಿಟ್ಟಿಲೇನಽ ಅಂದಿರಬೇಕು ಅಂತ ತನಗ ತಾನಽ ಸಮಾಧಾನ ಹೇಳಿಕೊಂಡ. ಗೀರಿನಾಗ ಪುಟ್ಟಿ ಲೇಪ ತುಂಬಿ, ಒಣಗಿಸಿ, ಪಾಲೀಶ್ ಪೇಪರ್ ಹೊಡೆದ. ತಗಡು ನುಣ್ಣಗಾತು.

ವರ್ಷಗಟ್ಟಲೆ ಕಾಯ್ದಿಟ್ಟ ಸ್ಟಿಕರಿನ ಅಂಟು ಭಾಳ ಸೂಕ್ಷ್ಮ. ಒಮ್ಮೆ ಕುಂತ್ರ ಕುಂತಂಗ, ಎಬ್ಬಿಸಿದ್ರ ಹರೀತೈತಿ. ಸಾಬೂನಿನ ನೀರು ಸಿಂಪಡಿಸಿ, ಉಸಿರು ಹಿಡಿದು ಹಾಸಿದ. ನಡುವಿನಿಂದ ಅಂಚಿಗೆ ರಬ್ಬರ್ ಪಟ್ಟಿ ಎಳೆದು ನೀರು ಹೊರಗ ಹಾಕಿದ. ಒಂದು ಗುಳ್ಳಿ ಇಲ್ಲ! ಗುಂಡಿಯ ತೂತುಗಳನ್ನ ಬ್ಲೇಡಿನಿಂದ ಕೊರದ. ನೀಲಿ ಮುಗಲಿನಾಗ ಕೆಂಪು ವಿಮಾನ ಫಳಫಳ ಅನ್ನಾಕತ್ತಿತ್ತು. ಜೀವಮಾನದಾಗ ಇಷ್ಟು ಚಂದ ಹಚ್ಚಿರಲಿಲ್ಲ. ಕೇಳದಽ ಮಾಡಿದ್ರೂ ಕೆಲಸ ಆಕೈತಿ ಅಂತ ಎದಿ ಉಬ್ಬಿತು.

ಸಂಜಿಕ್ ರಾವಸಾಹೇಬರು ಬಂದು, ಚಿತ್ರ ನೋಡಿ ಕಣ್ಣರಳಿಸಿದ್ರು. “ಅಗದಿ ಹಂಗಽ ಐತಿ! ಅಂವ ತಂದಾಗ ಹಿಂಗಽ ಇತ್ತು. ಎಲ್ಲಿ, ಫೋಟೋ ತೋರ್ಸು.”

“ಯಾವ ಫೋಟೋರಿ?”

“ಹಳೇದರದ್ದೋ. ಅಭಿ ಅಂತ ಮೊಳಿಲೆ ಹೆಸರು ಗೀಚಿದ್ನಲ್ಲ. ತಗಿ ಅಂದಿದ್ನಲ್ಲ?”

ಮಲಕಾರಿ ಕೈಯಾಗಿನ ರಬ್ಬರ್ ಪಟ್ಟಿ ಕೆಳಗಿಟ್ಟ. “ತಗದೇನ್ರಿ... ಕಿತ್ತು ತಗದೇನ್ರಿ.”

ರಾವಸಾಹೇಬರು ಸ್ಟೂಲಿನ ಮ್ಯಾಲ ಕುಸಿದು ಕುಂತ್ರು. ಬೈಲಿಲ್ಲ. ಬೈದಿದ್ರ ಛಲೋ ಇತ್ತು. “ಅವನ ಕೈಲೆ ಬರೆದದ್ದು ಅದೊಂದಽ ಉಳಿದಿತ್ತೋ,” ಅಂದು ಟೊಪಗಿಲೆ ಮುಖ ಮುಚ್ಚಿಕೊಂಡ್ರು. ಅಷ್ಟು ದೊಡ್ಡ ಮನಷ್ಯಾ ಹಂಗ ಅಳೂದು ನೋಡಿ ಮಲಕಾರಿಗೆ ಭೂಮಿ ಬಾಯಿ ಬಿಡಬಾರದಾ ಅನಸ್ತು.

“ಅಣ್ಣಾರ,” ಅಂದ ತೊದಲಿ, “ಗೀರು ತಗಡಿನಾಗ ಇಳಿದಾವ್ರಿ. ನಾನಽ ಪುಟ್ಟಿ ತುಂಬೇನಿ. ಹೆಸರು ಒಳಗಽ ಐತ್ರಿ.”

ಟೊಪಗಿ ಕೆಳಗ ಬಂತು. “ಹೊರಗ ಬರತೈತೇನು?”

“ಪುಟ್ಟಿ ಕೆದರಿದ್ರ ಬರತೈತ್ರಿ. ಆದ್ರ ಈ ಚಿತ್ರ ಹರಿದು ಹೋಗತೈತಿ. ಇಂಥಾದ್ದು ಇನ್ನೊಂದಿಲ್ರಿ.”

ರಾವಸಾಹೇಬರು ಎದ್ದು ಬಂದು ತಗಡಿನ ಮುಂದ ನಿಂತ್ರು. ತಮ್ಮ ಕಾಯ್ದಿಟ್ಟ ಚಿತ್ರ ಮ್ಯಾಲ, ತಮ್ಮನ ಹೆಸರು ಕೆಳಗ. ನೋಡೇ ನೋಡಿದ್ರು. ಕಡಿಕ್ ಒಂದಽ ಮಾತು ಅಂದ್ರು.

“ತಗಿ.”

ಮಲಕಾರಿಯ ಕೈ ಕಿಸೆದಾಗಿನ ಮೊಬೈಲಿಗೆ ಹೋತು, ನಿಂತಿತು. ಬ್ಲೇಡಿಗೆ ಹೋತು, ಅಲ್ಲೂ ನಿಂತಿತು. ಉಜ್ವಲಾ ಬೈಲಿ, ಊರಽ ನಗಲಿ.

“ಏನಂದ್ರಿ?” ಅಂದ.

ರಾವಸಾಹೇಬರು ನಗಲಿಲ್ಲ. ಕೆಂಪು ವಿಮಾನದ ಚಿತ್ರದ ಮೂಲಿಗೆ ತಾವಽ ಹೆಬ್ಬೆರಳಿನ ಉಗುರು ಸಿಗಿಸಿದ್ರು.