ಕರಡಿದೊಣೆಯ ಕೆಂಪು ಬಟ್ಟೆ

ಮಳವಳ್ಳಿಯಲ್ಲಿ ಅಸದುಲ್ಲಾನ ಸ್ಟುಡಿಯೋ ಎಲ್ಲಿ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಆದರೆ ಈಚೆಗೆ ಅವನು ಮಾಡಿಕೊಡುವ ಮದುವೆ ಆಲ್ಬಂ ನೋಡಿದವರು ಮೂಗು ಮುರಿಯುತ್ತಾರೆ. ಧಾರೆ ಎರೆಯುವವರ ಹಿಂದೆ ನೀರಿನ ಕ್ಯಾನು ಹಾಗೇ ನಿಂತಿರುತ್ತದೆ. ಮದುವೆ ಹೆಣ್ಣಿನ ತಲೆಯ ಮೇಲೆ ಸೀರಿಯಲ್ ಸೆಟ್ಟಿನ ವೈರು ಜೋತಾಡುತ್ತಿರುತ್ತದೆ. ಸೋದರಮಾವನ ಪಕ್ಕದಲ್ಲಿ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. "ಇದ್ನ ತೆಗ್ದು ಕೊಡಬಾರ್ದಾ ಸಾಬ್ರೆ, ಒಂದ್ ನಿಮುಸದ ಕೆಲಸ" ಎಂದು ಗಿರಾಕಿಗಳು ಗೊಣಗಿದರೆ, "ಇದ್ದದ್ದು ಇರ್ಲಿ ಬುಡಿ" ಎನ್ನುತ್ತಾನೆ. ವಯಸ್ಸಾಯಿತು, ಸೋಮಾರಿಯಾದ ಎಂದು ಜನ ಮಾತಾಡಿಕೊಳ್ಳುತ್ತಾರೆ. ಜನಕ್ಕೇನು, ಬಾಯಿಗೆ ಬಂದದ್ದು ಆಡುತ್ತಾರೆ. ಸಂಗತಿ ಬೇರೆಯೇ ಇದೆ.

ಒಂದು ಕಾಲಕ್ಕೆ ಇದೇ ಅಸದುಲ್ಲಾ ಫೋಟೋದಲ್ಲಿ ಒಂದು ಕಡ್ಡಿ ಹೆಚ್ಚಾಗಿ ಕಂಡರೂ ಸಹಿಸುತ್ತಿರಲಿಲ್ಲ. ಛತ್ರಕ್ಕೆ ಕಾಲಿಟ್ಟವನೇ ಕುರ್ಚಿ ಎಳೆದು, ಬಕೆಟ್ ಒದ್ದು ಸರಿಸಿ, ಬೀಗರ ಕೈಯಲ್ಲಿದ್ದ ಕಾಫಿ ಲೋಟವನ್ನೂ ಕಿತ್ತುಕೊಂಡು ಬದಿಗಿಡುತ್ತಿದ್ದ. ಅಪ್ಪ ಸೈಕಲ್ ರಿಪೇರಿ ಮಾಡುತ್ತಿದ್ದವನು. ಮಗ ಮದ್ದೂರಿನ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುತ್ತ ಕ್ಯಾಮೆರಾ ಹಿಡಿಯುವುದನ್ನು ಕಲಿತ. ಆ ಸ್ಟುಡಿಯೋದ ಯಜಮಾನ ಹೇಳಿಕೊಟ್ಟದ್ದು ಒಂದೇ ಪಾಠ: ಏನು ಬೇಕು ಅನ್ನುವುದಕ್ಕಿಂತ ಏನು ಬೇಡ ಅನ್ನುವುದನ್ನು ಮೊದಲು ನೋಡು, ತೆಗೆದು ಹಾಕು, ಆಮೇಲೆ ಬಟನ್ ಒತ್ತು. ಈ ಪಾಠದಿಂದ ಅಸದುಲ್ಲಾ ಇಪ್ಪತ್ತಾರು ವರ್ಷ ಅನ್ನ ತಿಂದ.

ಹೊಟ್ಟೆಪಾಡಿಗೆ ಮದುವೆ, ಪಾಸ್‌ಪೋರ್ಟ್ ಸೈಜು, ಆಗಾಗ ಪೊಲೀಸರು ಕರೆದರೆ ಪಂಚನಾಮೆಯ ಫೋಟೋ. ಮನಸ್ಸಿಗೆ ಮಾತ್ರ ಕಾಡಿನ ಜಲಪಾತ. ಆಷಾಢ, ಪಿತೃಪಕ್ಷ ಬಂದು ಮದುವೆಗಳು ನಿಂತವೆಂದರೆ ಅವನು ಟ್ರೈಪಾಡ್ ಹೆಗಲಿಗೇರಿಸಿ ಬೆಳಕವಾಡಿಯ ಕಡೆ ಬಸ್ಸು ಹತ್ತಿಬಿಡುತ್ತಿದ್ದ. ಎಲ್ಲರೂ ಸಾಲುಗಟ್ಟಿ ಸೆಲ್ಫಿ ತೆಗೆಯುವ ದೊಡ್ಡ ಜಲಪಾತ ಅವನಿಗೆ ಬೇಡ. ಮಳೆಗಾಲದಲ್ಲಿ ಎರಡು ತಿಂಗಳು ಮಾತ್ರ ಹುಟ್ಟಿ ಸಾಯುವ, ದಾರಿಯಿಲ್ಲದ, ಹೆಸರೂ ನೆಟ್ಟಗಿಲ್ಲದ ಹಳ್ಳದ ನೀರೇ ಬೇಕು. ಅಂಥ ಒಂದು ಜಾಗಕ್ಕೆ, ನೀರು ಬಿದ್ದು ಬಿದ್ದು ಕೊರೆದ ಆಳದ ಕಲ್ಲುಗುಂಡಿಗೆ, ಕರಡಿದೊಣೆ ಅಂತ ಹೆಸರು. ಬಸ್ಸಿಳಿದು, ಕಬ್ಬಿನ ಗದ್ದೆ ದಾಟಿ, ಕಾಡಿನಲ್ಲಿ ಎರಡೂವರೆ ಗಂಟೆ ನಡೆಯಬೇಕು.

ಆ ದಾರಿ ತೋರಿಸಿಕೊಟ್ಟವನು ಕೆಂಪಸಿದ್ದಯ್ಯ. ಮೊದಲು ಅಲ್ಲೇ ದನ ಮೇಯಿಸುತ್ತಿದ್ದ, ಆಮೇಲೆ ಅದೇ ಕಾಡಿಗೆ ದಿನಗೂಲಿ ವಾಚರ್ ಆದ. ದೊಣೆಯ ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಅರ್ಧದವರೆಗೆ ಒರಟು ಕಲ್ಲು, ಬರಿಗಾಲಲ್ಲಿ ಓಡಾಡಬಹುದು. ಅಲ್ಲಿಂದ ಮುಂದೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ನೀರು ಹರಿಯುತ್ತದೆ, ಅದರಡಿ ಪಾಚಿ. ಕಾಲಿಟ್ಟರೆ ಹಿಡಿಯಲು ಏನೂ ಇಲ್ಲ, ಸೀದಾ ಎಪ್ಪತ್ತು ಅಡಿ ಕೆಳಗಿನ ದೊಣೆಗೆ. ಎರಡರ ಗಡಿಯಲ್ಲಿ ಒಂದು ಅತ್ತಿಗಿಡ ಬಾಗಿಕೊಂಡಿದೆ. ಕೆಂಪಸಿದ್ದಯ್ಯ ಹೆಂಡತಿಯ ಹಳೆಯ ಕೆಂಪು ಸೀರೆಯಿಂದ ಒಂದು ಮೊಳ ಹರಿದು ಅದರ ಕೊಂಬೆಗೆ ಕಟ್ಟುತ್ತಿದ್ದ. ದನಗಾಹಿಗಳಿಗೆಲ್ಲ ಅದು ಕಟ್ಟಪ್ಪಣೆ: ಬಟ್ಟೆಯಿಂದಾಚೆಗೆ ಕಾಲಿಡಕೂಡದು. ಪ್ರತಿ ಅಮಾವಾಸ್ಯೆ ಹೋಗಿ ಗಂಟು ನೋಡಿ, ಸಡಿಲವಾಗಿದ್ದರೆ ಬಿಗಿದು ಬರುತ್ತಿದ್ದ. ಆ ಸೀರೆ ಉಟ್ಟಾಕೆ ತೀರಿಹೋಗಿ ಒಂಬತ್ತು ವರ್ಷವಾಗಿತ್ತು.

ಹೋದ ವರ್ಷ ಮಹಾಲಯ ಅಮಾವಾಸ್ಯೆ ಕಳೆದು ಮೂರನೆಯ ದಿನ, ಹಸ್ತ ಮಳೆ ಚೆನ್ನಾಗಿ ಹೊಡೆದಿತ್ತು. ಅಸದುಲ್ಲಾ ಒಬ್ಬನೇ ಕರಡಿದೊಣೆಗೆ ಹೋದ. ನೀರು ತುಂಬಿ ಬೀಳುತ್ತಿತ್ತು. ಟ್ರೈಪಾಡ್ ನಿಲ್ಲಿಸಿ, ಶಟರನ್ನು ಎರಡು ಸೆಕೆಂಡು ತೆರೆದಿಟ್ಟು ಒಂದು ಫೋಟೋ ತೆಗೆದ. ಹಾಗೆ ತೆಗೆದರೆ ಬೀಳುವ ನೀರು ಹಿಂಜಿದ ಹತ್ತಿಯ ಹಾಗೆ ನುಣ್ಣಗೆ ಬರುತ್ತದೆ. ನೀರು ಬಂತು, ಬಂಡೆ ಬಂತು, ಆದರೆ ಗಾಳಿಗೆ ಪಟಪಟ ಬಡಿಯುತ್ತಿದ್ದ ಕೆಂಪು ಬಟ್ಟೆ ಮೂಲೆಯಲ್ಲಿ ಒರೆಸಿದ ಕಲೆಯಂತೆ ಕೂತಿತು. ಛೆ, ಎಂದ. ಹೋಗಿ ಗಂಟು ಬಿಚ್ಚಿದ. ದನ ಕಟ್ಟುವ ಕಣ್ಣಿಯ ಗಂಟು, ಬಿಗಿಯಾಗಿತ್ತು, ಉಗುರು ನೊಂದಿತು. ಬಟ್ಟೆಯನ್ನು ಬ್ಯಾಗಿನ ಬದಿಯ ಜೇಬಿಗೆ ತುರುಕಿ ಇನ್ನೊಂದು ಫೋಟೋ ತೆಗೆದ. ಇಪ್ಪತ್ತಾರು ವರ್ಷದಲ್ಲಿ ಅಂಥದ್ದೊಂದು ಅವನ ಕೈಗೆ ಬಂದಿರಲಿಲ್ಲ.

ಮತ್ತೆ ಕಟ್ಟಬೇಕೆಂದೇ ಇದ್ದ. ಅಷ್ಟರಲ್ಲಿ ಹಿಂದಿನ ಬಿದಿರು ಮೆಳೆಯಲ್ಲಿ ಲಟಲಟ ಮುರಿಯುವ ಸದ್ದು, ಆನೆಯ ವಾಸನೆ. ಸಾಮಾನೆಲ್ಲ ಬಾಚಿಕೊಂಡು ಬಿದ್ದೆನೋ ಎದ್ದೆನೋ ಎಂದು ಓಡಿದ. ಬಸ್ಸು ಹತ್ತಿದ ಮೇಲೆ ಜೀವ ಉಳಿದದ್ದಕ್ಕೂ ಫೋಟೋ ಸಿಕ್ಕಿದ್ದಕ್ಕೂ ಅಲ್ಲಾಹನಿಗೆ ಶುಕ್ರಿಯಾ ಹೇಳಿದ. ಬಟ್ಟೆಯ ನೆನಪು ಅವನ ತಲೆಯಿಂದ ಪೂರ್ತಿ ಹೋಗಿತ್ತು. ನಿಜಕ್ಕೂ ಮರೆತಿದ್ದ, ಅದರಲ್ಲಿ ಮೋಸವಿಲ್ಲ. ಹಾಗಂತ ಅದರಿಂದ ಏನೂ ಹಗುರಾಗುವುದಿಲ್ಲ.

ಫೋಟೋವನ್ನು ಸ್ಟುಡಿಯೋದ ಫೇಸ್‌ಬುಕ್ಕಿಗೆ ಹಾಕಿದ. ನಮ್ಮ ಜಿಲ್ಲೆಯಲ್ಲಿ ಇಂಥದ್ದಿದೆಯೇ ಎಂದು ಮಂಡ್ಯದಿಂದ ಬಸರಾಳಿನವರೆಗೂ ಜನ ಹಂಚಿಕೊಂಡರು. ಫೋನಿನ ಮೇಲೆ ಫೋನು. ಅನುಮತಿ ಇಲ್ಲದೆ ಆ ಕಾಡಿಗೆ ಹೋಗುವ ಹಾಗಿಲ್ಲ, ಅಸದುಲ್ಲಾನಿಗೂ ಅದು ಗೊತ್ತು. ಆದರೆ ಹೊಗಳಿಸಿಕೊಂಡು ಉಬ್ಬಿದ ಮನುಷ್ಯನ ಬಾಯಿಗೆ ಬೀಗ ಎಲ್ಲಿಂದ ಬರಬೇಕು? ಕೇಳಿದವರಿಗೆಲ್ಲ ದಾರಿ ಹೇಳಿದ. ಒಂದು ಶನಿವಾರ ಭಾರತೀನಗರದಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಹೆಸರು ಶೋಭಿತಾ, ಡಿಗ್ರಿ ಕೊನೆಯ ವರ್ಷ.

"ಸರ್, ನಾವ್ ನಾಕ್ ಜನ ಫ್ರೆಂಡ್ಸು ಬೆಳಿಗ್ಗೆ ಓಗವಾ ಅಂತ ಇದೀವಿ. ಅಲ್ಲಿ ಡೇಂಜರ್ ಏನೂ ಇಲ್ಲ ಅಲ್ವಾ?"

"ಏನಿಲ್ಲ ಕಣಮ್ಮ. ಬಂಡೆ ಮ್ಯಾಲೆ ಒಂದ್ ಅತ್ತಿಗಿಡ್ದಲ್ಲಿ ಕೆಂಪು ಬಟ್ಟೆ ಕಟ್ಟವ್ರೆ. ಅಲ್ಲೀಗಂಟ ಧೈರ್ಯವಾಗಿ ಓಗಿ. ಅದ್ರಿಂದಾಚೆಗೆ ಮಾತ್ರ ಬ್ಯಾಡ."

"ಸರಿ ಸರ್. ಬಟ್ಟೆಯಿಂದಾಚೆಗೆ ಓಗಲ್ಲ. ಥ್ಯಾಂಕ್ಯೂ ಸರ್."

ಮಾತಾಡುವಾಗ ಕ್ಯಾಮೆರಾ ಬ್ಯಾಗು ಅವನ ಕಾಲ ಬಳಿಯೇ ಇತ್ತು.

ಭಾನುವಾರ ಮಧ್ಯಾಹ್ನ ಪೊಲೀಸರು ಅವನನ್ನೇ ಕರೆದರು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ಆದರೂ ಪೊಲೀಸರ ಕೈಗೆ ಸಿಗುವವರಲ್ಲಿ ಆ ದಾರಿ ನಡೆದು ಗೊತ್ತಿದ್ದವನು ಇವನೊಬ್ಬನೇ. ಎರಡೂವರೆ ಗಂಟೆ ಅವನು ಮುಂದೆ, ಪೊಲೀಸರು ಹಿಂದೆ. ಕೆಂಪಸಿದ್ದಯ್ಯ ಮತ್ತು ಹಳ್ಳಿಯ ಇಬ್ಬರು ಅಷ್ಟು ಹೊತ್ತಿಗೆ ಹುಡುಗಿಯನ್ನು ದೊಣೆಯಿಂದ ಮೇಲೆತ್ತಿ ಒಂದು ಹಸಿರು ಟವೆಲ್ ಹೊದಿಸಿದ್ದರು. ಅಸದುಲ್ಲಾ ಫೋಟೋ ತೆಗೆದ. ಮುಖ, ಕೈ, ಒಂದೇ ಚಪ್ಪಲಿ. ಇಂಥ ಫೋಟೋ ತೆಗೆದು ಅಭ್ಯಾಸವಿದ್ದ ಕೈ.

ಜೊತೆಗೆ ಬಂದಿದ್ದ ಮೂವರಲ್ಲಿ ಒಬ್ಬಳು, ಗೆಳತಿ ಪ್ರಿಯಾಂಕ, ಬಂಡೆಯ ಬುಡದಲ್ಲಿ ಕೂತು ಸಬ್ ಇನ್ಸ್‌ಪೆಕ್ಟರಿಗೆ ಹೇಳುತ್ತಿದ್ದಳು. "ನಾನು ಕೂಗ್ದೆ ಸರ್, ಸಾಕು ಬಾರೇ ಅಂತ. ಅವ್ಳು ಮುಂದೆ ಮುಂದೆ ಓಗ್ತಾ, 'ಕೆಂಪು ಬಟ್ಟೆ ಇನ್ನೂ ಬಂದೇ ಇಲ್ಲ ಕಣೇ, ಅಲ್ಲೀಗಂಟ ಓಗಬೋದಂತೆ' ಅಂದ್ಳು. ಅನ್ತಾ ಅನ್ತಾನೇ ಜಾರುದ್ಲು."

ಆಗ ಅವನಿಗೆ ನೆನಪಾಯಿತು. ಬ್ಯಾಗು ಹೆಗಲಲ್ಲೇ ಇತ್ತು. ಬದಿಯ ಜೇಬನ್ನು ಹೊರಗಿನಿಂದ ಮುಟ್ಟಿ ನೋಡಿದ. ಮೆತ್ತಗೆ ಇತ್ತು.

ಸಬ್ ಇನ್ಸ್‌ಪೆಕ್ಟರ್ ಕೆಂಪಸಿದ್ದಯ್ಯನ ಕಡೆ ತಿರುಗಿದರು. "ಏನಯ್ಯ, ಬಟ್ಟೆ ಕಟ್ಟೋನು ನೀನೇ ಅಲ್ವಾ? ಎಲ್ಲಿ ಬಟ್ಟೆ?"

"ಕಟ್ಟಿದ್ದೆ ಬುದ್ಧಿ. ಅಮಾಸೆ ದಿನ ಬಂದು ನನ್ ಕೈಯಾರ ಬಿಗುದ್ ಓಗಿದೀನಿ."

"ಹಾಗಾದ್ರೆ ಎಲ್ಲಿ ಹಾರಿಹೋಯ್ತು?"

ಮುದುಕ ಕೊಂಬೆಯನ್ನು ಹಿಡಿದು ನೋಡಿದ. ಬೆರಳಿನಿಂದ ಸವರಿದ. "ಗಾಳಿ ಅರುದ್ರೆ ಗಂಟು ಉಳೀತಿತ್ತು ಬುದ್ಧಿ. ಗಂಟೂ ಇಲ್ಲ. ಯಾರೋ ಬಿಚ್ಚವ್ರೆ." ಯಾರೂ ಅದನ್ನು ಬರೆದುಕೊಳ್ಳಲಿಲ್ಲ. ಕೊಂಬೆಯ ಫೋಟೋ ಒಂದು ಬೇಕೆಂದರು, ಅಸದುಲ್ಲಾ ತೆಗೆದುಕೊಟ್ಟ.

ಮನೆಗೆ ಬಂದು ಬ್ಯಾಗು ಮೂಲೆಗಿಟ್ಟು ಮಲಗಿದ. ಮರುದಿನ ಹೆಂಡತಿ ಸುಲ್ತಾನ್ ಬೀ ಒದ್ದೆ ಬ್ಯಾಗನ್ನು ಬಿಸಿಲಿಗೆ ಹಾಕಲು ಜೇಬುಗಳನ್ನೆಲ್ಲ ಬರಿದು ಮಾಡಿದಳು. ಮುಗ್ಗಲು ಹಿಡಿದ ಕೆಂಪು ಬಟ್ಟೆ ಕೈಗೆ ಬಂತು. ಊರೆಲ್ಲ ಆ ಬಟ್ಟೆಯ ಮಾತೇ ಆಡುತ್ತಿತ್ತು, ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಗಂಡನ ಮುಂದೆ ಹಿಡಿದು ನಿಂತಳು. ಅವನು ಗೋಡೆ ನೋಡಿದ. ಅವಳು ಬಟ್ಟೆಯನ್ನು ಒಗೆದು, ಒಣಗಿಸಿ, ಮಡಚಿ ಸ್ಟುಡಿಯೋದ ಮೇಜಿನ ಡ್ರಾಯರಿನಲ್ಲಿಟ್ಟಳು. "ಬಿಸಾಡಕ್ಕೆ ನಂಗೆ ಧೈರ್ಯ ಇಲ್ಲ. ನಿಮ್ಗೆ ಇದ್ರೆ ಬಿಸಾಡಿ" ಎಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ನಾಲ್ಕನೆಯ ದಿನ ಕೆಂಪಸಿದ್ದಯ್ಯ ಸ್ಟುಡಿಯೋಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಮೇಲಿನವರು ಹೇಳಿದ್ದರು. ಹಳ್ಳಿಯಲ್ಲಿ ಹೆಂಗಸರು ಅವನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು.

"ಫೋಟೋ ಸಾಬ್ರೆ, ನೀವು ಅಮಾಸೆ ಆದ್ಮೇಲೆ ಅಲ್ಲಿಗ್ ಓಗಿದ್ರಂತಲ್ಲ. ನೀವ್ ಓದಾಗ ಬಟ್ಟೆ ಇತ್ತಾ?"

ಅಸದುಲ್ಲಾ ಮೇಜಿನ ಡ್ರಾಯರಿಗೆ ಅಡ್ಡ ಬಂದು ನಿಂತ. "ಗ್ಯಾನ ಇಲ್ಲ ಸಿದ್ದಯ್ಯ."

"ನಿಮ್ ಮಿಸನ್ನಲ್ಲಿ ಬಿದ್ದಿರ್ತದಲ್ಲ. ಇತ್ತು ಅಂತ ಒಂದ್ ಪಟ ಕೊಟ್ಬುಡಿ ಸಾಕು. ಆಳಾದ್ ಕೆಲಸ ಓದ್ರೆ ಓಗ್ಲಿ. ಸಿದ್ದಯ್ಯ ಕಟ್ಟಿರ್ಲಿಲ್ಲ, ಅವ್ನಿಂದ ಒಂದ್ ಎಣ್ಮಗ ಸತ್ತೋಯ್ತು ಅಂತವ್ರೆ. ಅದ್ನ ಒತ್ಕಂಡು ನಾನು ಸಾಯ್ನಾರೆ."

"ಆ ಫೋಟೋ ಎಲ್ಲಾ ಅಳಿಸೋಗದೆ" ಎಂದ ಅಸದುಲ್ಲಾ.

"ಅಂಗಾ. ಬುಡಿ" ಎಂದು ಮುದುಕ ಚಪ್ಪಲಿ ಮೆಟ್ಟಿಕೊಂಡು ಹೋದ.

ಅಳಿಸಿಹೋಗಿರಲಿಲ್ಲ. ಎರಡೂ ಫೋಟೋ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇದ್ದವು. ಹತ್ತು ಗಂಟೆ ಇಪ್ಪತ್ತೆರಡು ನಿಮಿಷದ್ದರಲ್ಲಿ ಬಟ್ಟೆ ಇದೆ. ಇಪ್ಪತ್ತೈದರಲ್ಲಿ ಇಲ್ಲ. ಮುದುಕನನ್ನು ಉಳಿಸುವ ಪಟವೇ ಇವನನ್ನು ಹಿಡಿದುಕೊಡುತ್ತದೆ. ಡಿಲೀಟ್ ಮಾಡಲು ದಿನಕ್ಕೆ ನಾಲ್ಕು ಸಲ ಕೂರುತ್ತಿದ್ದ. ಜೈಲಿಗೆ ಹೆದರಿದ, ಹೆಂಡತಿಯ ಗತಿಗೆ ಹೆದರಿದ, ಊರು ಏನೆನ್ನುತ್ತದೋ ಎಂದು ಹೆದರಿದ. ಒಬ್ಬ ಸಾಬಿ ಬೇಕಂತಲೇ ಬಿಚ್ಚಿದ ಎಂದು ಯಾರಾದರೂ ಹಬ್ಬಿಸಿದರೆ ಏನು ಗತಿ ಎಂದೂ ಹೆದರಿದ. ಆ ಹೆದರಿಕೆ ಸುಳ್ಳಲ್ಲ. ಆದರೆ ಮುದುಕ ಮೆಟ್ಟಿಲಿಳಿದು ಹೋದದ್ದು ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಎಂಟನೆಯ ದಿನ ಶೋಭಿತಾಳ ತಂದೆ ಶಿವಣ್ಣ ಬಂದರು. ಕಬ್ಬಿನ ಲಾರಿ ಓಡಿಸುವವರು, ಗಡ್ಡ ಬೆಳೆದಿತ್ತು. ಇವನು ದಾರಿ ಹೇಳಿದವನು ಎಂದು ಅವರಿಗೆ ಗೊತ್ತಿರಲಿಲ್ಲ. ದೇಹ ತರಲು ಜೊತೆಗೆ ಬಂದ ಫೋಟೋದವನು ಎಂಬ ಉಪಕಾರ ಮಾತ್ರ ನೆನಪಿತ್ತು. ಮೊಬೈಲಿನಲ್ಲಿ ಮಗಳ ಒಂದು ಪಟ ತೋರಿಸಿದರು. ಬಂಡೆಯ ಮೇಲೆ ನಿಂತು ನಗುತ್ತಿದ್ದಾಳೆ, ಹಿಂದೆ ನೀರು. ಪ್ರಿಯಾಂಕ ತೆಗೆದದ್ದು, ಕೊನೆಯದು.

"ಇದ್ರಲ್ಲೇ ನಗು ಚೆಂದಾಗದೆ. ಹನ್ನೊಂದ್ನೇ ದಿನುಕ್ಕೆ ತಿಥಿ. ದೊಡ್ಡದ್ ಮಾಡಿ ಕಟ್ಟಾಕ್ಸಿ ಕೊಡಿ. ಆದ್ರೆ ಹಿಂದ್ಲ ನೀರ್ನ ತೆಗ್ದುಬುಡಿ ಸಾಬ್ರೆ. ಅದ್ನ ಮನೆ ಗ್ವಾಡೆ ಮ್ಯಾಲೆ ನೋಡಾಕಾಗಕಿಲ್ಲ. ಇವ್ಳವ್ವ ಶಿವನಂಜಮ್ಮ ಅಂತೂ ದಿನಾ ಬಯ್ಕಂಡೇ ಅಳ್ತಾಳೆ. ಯೋಳಿದ್ ಮಾತು ಕೇಳ್ಲಿಲ್ವಲ್ಲ ಮೊಂಡಿ ಮುಂಡೆ, ಗೆಳ್ತಿ ಸಾಕು ಬಾ ಅಂತ ಕೂಗುದ್ರೂ ಮುಂದಕ್ಕೇ ಓದ್ಲಲ್ಲ ಅಂತ."

ಅಸದುಲ್ಲಾ ತೆಗೆದ. ಅವನಷ್ಟು ಚೊಕ್ಕವಾಗಿ ತೆಗೆಯುವವರು ತಾಲ್ಲೂಕಿನಲ್ಲಿಲ್ಲ. ನೀರು ಹೋಯಿತು, ಬಂಡೆ ಹೋಯಿತು, ಹಿಂದೆ ತಿಳಿನೀಲಿ ಬಣ್ಣ ಬಂತು. ಅಳಿಸುತ್ತ ಅಳಿಸುತ್ತ ಅವನು ಅವಳ ಭುಜದ ಪಕ್ಕ ಒಂದು ಕೊಂಬೆ ಕಂಡ. ಅತ್ತಿ ಕೊಂಬೆ, ಬರಿದಾಗಿತ್ತು. ಹುಡುಗಿ ಅದಕ್ಕೆ ಕೈ ಆನಿಸಿಕೊಂಡೇ ನಕ್ಕಿದ್ದಳು. ಅವನು ಮೌಸಿನಿಂದ ಕೈ ತೆಗೆದು ಬಹಳ ಹೊತ್ತು ಅತ್ತ.

ಹತ್ತನೆಯ ದಿನ ಶಿವಣ್ಣ ಪಟಕ್ಕೆ ಬಂದಾಗ ಮೇಜಿನ ಮೇಲೆ ಮೂರು ವಸ್ತು ಇದ್ದವು. ಕಟ್ಟು ಹಾಕಿಸಿದ ಪಟ, ಅದರ ಪಕ್ಕದಲ್ಲಿ ಹತ್ತು ಇಪ್ಪತ್ತೆರಡರ ಪ್ರಿಂಟು, ಅದರ ಮೇಲೆ ಮಡಚಿದ ಕೆಂಪು ಬಟ್ಟೆ. ಅಸದುಲ್ಲಾ ನಿಂತುಕೊಂಡೇ ಹೇಳಿದ. ಬಿಚ್ಚಿದ್ದು, ಆನೆ, ಮರೆತದ್ದು, ಶನಿವಾರದ ಫೋನು, ಬಟ್ಟೆಯವರೆಗೆ ಹೋಗಿ ಎಂದದ್ದು, ಮುದುಕನಿಗೆ ಸುಳ್ಳು ಹೇಳಿದ್ದು. "ಇಲ್ಲಿಂದ ಟೇಸನ್‌ಗೇ ಓಯ್ತೀನಿ. ಅದಕ್ಕೆ ಮುಂಚೆ ನಿಮ್ಗೆ ಯೋಳ್ಬೇಕಿತ್ತು" ಎಂದ. ಹೊಡೆಯುತ್ತಾರೆಂದು ಕಾದ. ಹೊಡೆದರೆ ಸಾಕೆಂದೇ ಕಾದ.

ಶಿವಣ್ಣ ಹೊಡೆಯಲಿಲ್ಲ. ಬಟ್ಟೆಯನ್ನು ಎತ್ತಿ, ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು.

"ಬಿಚ್ಚಕ್ಕೆ ಏಟೊತ್ತು ಇಡೀತು?"

"ಒಂದ್ ನಿಮುಸ."

"ಕಟ್ಟಕ್ಕೂ ಅಷ್ಟೇಯಾ?"

"ಅಷ್ಟೇಯ."

ಶಿವಣ್ಣ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಮಾತು ಕೇಳ್ಲಿಲ್ಲ ಅಂತ ಬಯ್ಕಂಡು ಅಳ್ತಿದ್ವಲ್ಲೋ ನಾವು. ಹತ್ತ್ ದಿನದಿಂದ ಸತ್ತ ಮಗೀನ ಬಯ್ತಿದ್ವಲ್ಲೋ. ನನ್ ಮಗ್ಳು ಯೋಳಿದ್ ಮಾತು ಕೇಳೇ ಸತ್ತವ್ಳೆ."

ಬಟ್ಟೆಯನ್ನು ಇದ್ದ ಹಾಗೇ ಮಡಚಿ ಪ್ರಿಂಟಿನ ಮೇಲಿಟ್ಟು, ಎರಡನ್ನೂ ಅಸದುಲ್ಲಾನ ಕಡೆ ತಳ್ಳಿದರು. "ತಕ್ಕಂಡ್ ನಡಿ. ಆ ಮುದ್ಕನ ಮ್ಯಾಲಿರೋದ್ನ ಮೊದ್ಲು ಇಳ್ಸು." ಆಮೇಲೆ ಕಟ್ಟು ಹಾಕಿಸಿದ ಪಟ ಕೈಗೆತ್ತಿಕೊಂಡರು. ತಿಳಿನೀಲಿಯ ಮುಂದೆ ಮಗಳು, ಎಲ್ಲಿ ನಿಂತಿದ್ದಾಳೆಂದೇ ತಿಳಿಯದ ಹಾಗೆ, ನಗುತ್ತಿದ್ದಳು. ಅದನ್ನೂ ಮೇಜಿನ ಮೇಲೆ ವಾಪಸು ಇಟ್ಟರು.

"ನೀರು, ಬಂಡೆ, ಆ ಕೊಂಬೆ, ಎಲ್ಲಾನೂ ಎಲ್ಲೆಲ್ಲಿತ್ತೋ ಅಲ್ಲೇ ಇಕ್ಕಿ ಕೊಡು. ನೀನು ತೆಗ್ದಿದ್ದು ಸಾಕು."