ಟ್ಯೂಬ್‌ಲೈಟ್ ಸ್ಟಾರ್ಟರಿನ ಗೆರೆಗಳು

ಕಡಬದಲ್ಲಿ ಟ್ಯೂಬ್‌ಲೈಟ್ ಸ್ಟಾರ್ಟರ್ ಕೇಳಿಕೊಂಡು ಬರುವ ಕೊನೆಯ ಗಿರಾಕಿ ನಾನೇ ಇರಬೇಕು. ಎಲ್ಲರ ಮನೆಗೂ ಎಲ್‌ಇಡಿ ಬಂದಾಗಿದೆ. ನನಗೆ ಬೇಕಾದದ್ದು ಸ್ಟಾರ್ಟರಿನ ಹೊಟ್ಟೆಯಲ್ಲಿರುವ ಗಾಜಿನ ಗುಳ್ಳೆ, ಅದರೊಳಗಿನ ನಿಯಾನ್ ಅನಿಲ. ಅದರ ಬೆಳಕನ್ನು ದೂರದರ್ಶಕಕ್ಕೆ ಕಟ್ಟಿದ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಪೆಟ್ಟಿಗೆಯೊಳಗೆ ಬಿಟ್ಟರೆ ಕಂಪ್ಯೂಟರಿನಲ್ಲಿ ಗೆರೆ ಗೆರೆಯಾಗಿ ಬೀಳುತ್ತದೆ. ಯಾವ ಗೆರೆಯ ತರಂಗಾಂತರ ಎಷ್ಟು ಎಂದು ಸಾಫ್ಟ್‌ವೇರಿಗೆ ನಾವೇ ಹೇಳಿಕೊಡಬೇಕು. ಆಮೇಲೆ ಅದೇ ಅಳತೆಗೋಲು. ನಕ್ಷತ್ರದ ಬೆಳಕನ್ನೂ ಅದರಲ್ಲೇ ಅಳೆಯುವುದು.

ಇದನ್ನು ಯಾರಿಗಾದರೂ ವಿವರಿಸಿದರೆ ಜಾತಕ ಬರೆಯುತ್ತೀರಾ ಎಂದು ಕೇಳುತ್ತಾರೆ. ಹಾಗಾಗಿ ವಿವರಿಸುವುದನ್ನೇ ಬಿಟ್ಟೆ. ಬಾಡಿಗೆ ಕೋಣೆ, ಒಂಟಿ ಮನುಷ್ಯ. ಮಾತುಕತೆ ಏನಿದ್ದರೂ ಎಲ್ಲೆಲ್ಲೋ ಇರುವ ಹವ್ಯಾಸಿಗಳ ಗುಂಪಿನೊಂದಿಗೆ, ಅದೂ ಟೈಪು ಮಾಡಿ.

ಆ ಗುಂಪಿನ ಸಂಗ್ರಹಕ್ಕೆ ಕಳಿಸಿದ ನನ್ನ ಮೊದಲ ನಕ್ಷತ್ರ, ಅಂದರೆ ಅದರ ಬೆಳಕಿನ ಗೆರೆಗಳ ಚಿತ್ರ, ವಾಪಸು ಬಂತು. ಹೈಡ್ರೋಜನ್ನಿನ ಕೆಂಪು ಗೆರೆ ಇರಬೇಕಾದಲ್ಲಿ ಇಲ್ಲ, ನಿಯಾನ್ ಗೆರೆ ಗುರುತಿಸಿದ್ದೇ ತಪ್ಪು, ಸರಿಮಾಡಿದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ನನಗೆ ಸಿಟ್ಟು ಬಂತು. ನಾಲ್ಕು ಗೆರೆ ಗುರುತಿಸಿದ್ದೆ, ಸಾಫ್ಟ್‌ವೇರು ದೋಷ ಸೊನ್ನೆ ಅಂದಿತ್ತು. ನಾಲ್ಕೇ ಕೊಟ್ಟರೆ ಅದು ಆ ನಾಲ್ಕರ ಮೇಲೂ ಹಾಯುವ ಒಂದು ವಕ್ರರೇಖೆಯನ್ನು ಹೇಗಾದರೂ ಎಳೆಯುತ್ತದೆ, ನೀವು ಹೇಳಿದ್ದು ಸುಳ್ಳಾದರೂ ಸರಿ. ಇದು ನನಗೆ ಹೊಳೆದದ್ದು ಆಮೇಲೆ. ಒಂಟಿ ಮನೆಯೂ ಹಾಗೆಯೇ. ನಾನು ಹೇಳಿದ್ದೇ ಸರಿ, ತಪ್ಪೆನ್ನಲು ಯಾರೂ ಇಲ್ಲ.

ಭಾನುವಾರ ಮಧ್ಯಾಹ್ನ ಎಲೆಕ್ಟ್ರಿಕಲ್ ಅಂಗಡಿಯ ಬ್ಯಾರಿ ಸಾಹುಕಾರರು ಹಳೆಯ ಸ್ಟಾರ್ಟರ್ ಸಿಕ್ಕಿತೆಂದು ತಾವೇ ತಂದುಕೊಟ್ಟರು. ಚಾ ಮಾಡಿ ಕೂರಿಸಿದೆ. ನಾನು ಕೆಲಸ ಮಾಡುವುದನ್ನು ಸ್ವಲ್ಪ ಹೊತ್ತು ನೋಡಿ ನಕ್ಕರು.

"ಎಂತ ಮಾರಾಯ್ರೆ, ಮೊದ್ಲು ಗೆರೆ ಹಿಡ್ದು ಆಮೇಲೆ ನಂಬ್ರ ಹುಡುಕುದಾ? ಹಾಗೆ ಸಾಮಾನು ಹಿಡ್ದು ಆಮೇಲೆ ಪುಸ್ತಕದಲ್ಲಿ ಹುಡುಕಿ ಸ್ಟಾಕ್ ನೋಡಿದ್ರೆ ನನ್ನ ಅಂಗಡಿಯಲ್ಲಿ ಒಂದು ಸ್ಕ್ರೂ ಸಹ ಕಮ್ಮಿ ಆಗ್ಲಿಕ್ಕಿಲ್ಲ."

ಮಾತು ನಿಜ. ನಿಯಾನಿನ ತರಂಗಾಂತರಗಳ ಪಟ್ಟಿ ಅಷ್ಟು ಒತ್ತಾಗಿದೆ, ಯಾವ ಗೆರೆ ಹಿಡಿದರೂ ಹತ್ತಿರದ ಒಂದು ಸಂಖ್ಯೆ ಸಿಕ್ಕೇ ಸಿಗುತ್ತದೆ. ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಕಣ್ಣಿಗೆ ರಾಚುವ ಗೆರೆಗಳಿಂದ ಶುರುಮಾಡಿದೆವು. ಅವರು ಸಂಖ್ಯೆ ಓದುವುದು. ಅದು ಎಲ್ಲಿ ಬೀಳಬೇಕೆಂದು ಲೆಕ್ಕಹಾಕಿ ನಾನು ಅಲ್ಲಿ ಮಾತ್ರ ನೋಡುವುದು. ಒಂದು ಕಡೆ ಮಸುಕು ಕಲೆಯಂಥದ್ದಿತ್ತು. ಇರಬಹುದು ಎಂದೆ.

"ಇರ್ಬಹುದು ಅಂತ ಗೋಡೌನಿನಲ್ಲಿ ಎಂತದೂ ಇಲ್ಲ. ಉಂಟಾ, ಇಲ್ವಾ?"

"ಇಲ್ಲ."

ಎಷ್ಟೋ ಕಾಲದ ಮೇಲೆ ಆ ಕೋಣೆಯಲ್ಲಿ ನಾನು ಇನ್ನೊಬ್ಬರಿಗೆ ಉತ್ತರ ಕೊಟ್ಟಿದ್ದೆ. ನನ್ನ ಹಳೆಯ ನಾಲ್ಕರಲ್ಲಿ ಎರಡು ಬಿದ್ದುಹೋದವು, ಹೊಸವು ಸೇರಿದವು. ಪಟ್ಟಿ ಮುಗಿಯುವಾಗ ದೋಷ ಸೊನ್ನೆ ಇರಲಿಲ್ಲ, ಚೂರೇ ಚೂರು ಇತ್ತು. ಅಷ್ಟು ಇದ್ದರೇ ನಂಬಬಹುದು.

ಅಷ್ಟರಲ್ಲಿ ಇಳಿಹೊತ್ತಿನ ನಮಾಜಿಗೆ ಕರೆಯುವ ಅಸರ್ ಬಾಂಗ್ ಕೇಳಿಸಿತು. ಅವರು ಎದ್ದು ಮಸೀದಿಗೆ ಹೊರಟರು. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ನಿಂತ ಮೇಲೆ ವಾಪಸು ಬಂದಿದ್ದ ನಕ್ಷತ್ರವನ್ನು ತೆರೆದು ಹೊಸ ಅಳತೆಗೋಲು ಹಿಡಿದೆ. ಕೆಂಪು ಗೆರೆ ಇರಬೇಕಾದಲ್ಲೇ ಇತ್ತು.

ಕೇಳುವವರು ಇರಲಿಲ್ಲ. ಆದರೂ "ಉಂಟು" ಎಂದೆ, ಸ್ವಲ್ಪ ಜೋರಾಗಿಯೇ. ಅವರ ಚಾ ಗ್ಲಾಸು ಪಟ್ಟಿಯ ಮೇಲೆಯೇ ಇತ್ತು. ಅದನ್ನು ತೆಗೆಯದೆ, ಗುಂಪಿಗೆ ಕಳಿಸುವ ಬಟನ್ ಒತ್ತಿದೆ.