ಇಸ್ತ್ರಿ ಕೋಣೆಯಲ್ಲಿ ಐದಕ್ಕೆ ಒಂದು

ಮಕ್ಕಳ ನಿಲಯದ ಹಿಂಭಾಗ, ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಇಸ್ತ್ರಿ ಅಜ್ಜಿ ಇಪ್ಪತ್ತೆರಡು ವರ್ಷಗಳಿಂದ ಅರವತ್ತು ಮಕ್ಕಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ಓದು ಬರಹ ಇಲ್ಲ. ಎಡಗಿವಿ ಪೂರ್ತಿ ಮಂದ. ಒಂದೊಂದು ಅಂಗಿ ಮಡಿಸುವಾಗಲೂ ಆ ಮಗುವಿನ ಹೆಸರು ಹೇಳಿ, "ದೇವರೇ, ಕಾಪಾಡು" ಅನ್ನುವುದು ಅವಳ ರೂಢಿ.

ಸಮಾಜಕಾರ್ಯ ಓದುವ ವಿದ್ಯಾರ್ಥಿಗಳು ಪ್ರತಿ ವರ್ಷ ಅಲ್ಲಿಗೆ ಮೂರು ತಿಂಗಳ ತರಬೇತಿಗೆ ಬರುತ್ತಾರೆ. ಕೊನೆಗೆ ತಮ್ಮ ಕೆಲಸಕ್ಕೆ ತಾವೇ ಅಂಕ ಹಾಕಿಕೊಳ್ಳುತ್ತಾರೆ. ಈ ಸಲ ಬಂದ ಕನ್ನಡಕದ ಹುಡುಗಿಗೆ ವಹಿಸಿದ್ದು ಏಳು ವರ್ಷದ ಒಂದು ಮಗುವನ್ನು. ಬಂದು ಐದು ತಿಂಗಳಾದರೂ ಅದು ತುಟಿ ಬಿಚ್ಚಿರಲಿಲ್ಲ.

"ನಿಮ್ಮ ವರದಿಯಲ್ಲೂ ಮಾತಿಲ್ಲ ಅಂತ ಬಂದ್ರೆ, ಬೇರೆ ಊರಿನ ವಿಶೇಷ ಶಾಲೆಗೆ ಕಳಿಸೋದೇ," ಎಂದಿದ್ದರು ಮೇಲ್ವಿಚಾರಕಿ. ಮಗುವಿನ ಅಕ್ಕ ಇದ್ದದ್ದು ಇದೇ ನಿಲಯದಲ್ಲಿ.

ಕನ್ನಡಕದ ಹುಡುಗಿ ದಿನವೂ ಅರ್ಧ ಗಂಟೆ ಮಗುವಿನ ಎದುರು ಕೂತು, ಅದು ಆಡಿದ ಮಾತುಗಳನ್ನು ಎಣಿಸಿ ನಕ್ಷೆ ಬರೆದಳು. ನಕ್ಷೆಯ ಗೆರೆ ಮೂರು ತಿಂಗಳೂ ಸೊನ್ನೆಯ ಮೇಲೆ ಅಂಗಾತ ಮಲಗಿತ್ತು. ಆದರೆ ಅಂಕದ ಹಾಳೆಯಲ್ಲಿ, 'ಮಗುವಿನ ಮಾತನ್ನು ತಾಳ್ಮೆಯಿಂದ ಕೇಳುತ್ತೇನೆ' ಎಂಬುದರ ಮುಂದೆ ಐದಕ್ಕೆ ಐದು.

ಅವಳ ಮೇಷ್ಟ್ರು ನಕ್ಕುಬಿಟ್ಟರು. "ಅಲ್ಲಮ್ಮಾ, ಮಗು ಮಾತೇ ಆಡಿಲ್ಲ. ನೀನು ಕೇಳಿದ್ದಾದ್ರೂ ಏನನ್ನ?"

ಹುಡುಗಿ ಸಿಟ್ಟಿನಲ್ಲಿ ಹಾಳೆಯನ್ನು ಮುದ್ದೆ ಮಾಡಿದಳು. ಇರುವುದು ಅದೊಂದೇ ಪ್ರತಿ ಎಂದು ನೆನಪಾಗಿ ಇಸ್ತ್ರಿ ಕೋಣೆಗೆ ಓಡಿದಳು.

"ಅಜ್ಜಿ, ಇದನ್ನ ಸ್ವಲ್ಪ ನೆಟ್ಟಗೆ ಮಾಡಿಕೊಡ್ತೀರಾ?"

"ಕಾಗದಕ್ಕೂ ಇಸ್ತ್ರೀನಾ? ಕೂತ್ಕೋ ತಾಯಿ, ಪೆಟ್ಟಿಗೆ ಆರ್ಲಿ. ಈ ಕಾವಿಗೆ ನಿನ್ನ ಅಂಕ ಎಲ್ಲಾ ಸುಟ್ಟುಹೋಗ್ತವೆ."

ಕೂತಳು. ಮೇಜಿನ ಕೆಳಗಿನಿಂದ ದನಿ ಬಂತು. "ಈ ಗುಂಡಿ ಕಳ್ಳ. ಇದು ಪೊಲೀಸು. ಅಜ್ಜಿ, ಪೊಲೀಸಿಗೆ ಒಂದು ಕಣ್ಣು ಒಡೆದುಹೋಗಿದೆ!"

ಅದೇ ಮಗು. ಕನ್ನಡಕದ ಹುಡುಗಿಯ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ನೋಟ್‌ಬುಕ್ ಹೊರಬಂದದ್ದೇ ತಡ, ದನಿ ನಿಂತಿತು.

"ಒಳಗಿಡು ಅದನ್ನ," ಎಂದಳು ಅಜ್ಜಿ ಮೆಲ್ಲಗೆ. "ಇವಳು ಬರ್ಕೊಳ್ಳೋರ ಹತ್ರ ಮೂರು ಸಲ ಮಾತಾಡಿದ್ಲಂತೆ. ಮೂರು ಸಲಾನೂ ಬೇರೆ ಕಡೆ ಸಾಗಿಸಿದ್ರು. ಇಲ್ಲಿಗೆ ಬಂದ್ಮೇಲೇ ಅಕ್ಕ ಸಿಕ್ಕಿದ್ದು. ಇನ್ನೆಲ್ಲಿ ಬಾಯಿ ಬಿಡ್ತಾಳೆ?"

"ಸುಮ್ನಿದ್ರೂ ಕಳಿಸ್ತಾರೆ ಅಜ್ಜಿ! ನೀವು ಯಾಕೆ ಯಾರಿಗೂ ಹೇಳ್ಲಿಲ್ಲ?"

ಅಜ್ಜಿ ಕಾವು ಇಳಿದ ಪೆಟ್ಟಿಗೆಯನ್ನು ಹಾಳೆಯ ಮೇಲೆ ಎಳೆದಳು. "ಯಾರು ಕೇಳಿದ್ರು ತಾಯಿ? ಅಂಗಿ ಎಷ್ಟಾಯ್ತು ಅಂತ ಮಾತ್ರ ಕೇಳ್ತಾರೆ."

ಬೆಚ್ಚಗಿದ್ದ ಹಾಳೆಯ ಮೇಲೆ ಹುಡುಗಿ ಐದನ್ನು ಹೊಡೆದುಹಾಕಿ ಒಂದು ಎಂದು ಬರೆದಳು. ಕೆಳಗೆ, 'ಮಗು ಚೆನ್ನಾಗಿ ಮಾತಾಡುತ್ತದೆ. ಅಡ್ಡ ಬಂದದ್ದು ನನ್ನ ನೋಟ್‌ಬುಕ್' ಎಂದು ಸೇರಿಸಿ, ಕಾರಣವನ್ನೂ ಬರೆದಳು.

ಅದನ್ನು ಓದಿದ ಮೇಲ್ವಿಚಾರಕಿ ಮಗುವನ್ನು ಅಕ್ಕನ ಜೊತೆಯಲ್ಲೇ ಉಳಿಸಿಕೊಂಡರು. ಆದರೆ ಕಾಲೇಜಿನ ನಿಯಮದಲ್ಲಿ ಐದಕ್ಕೆ ಒಂದು ಅಂದರೆ ಫೇಲು. ಐದು ಹಾಕಿಕೊಂಡ ಗೆಳತಿಯರೆಲ್ಲ ಪಾಸಾಗಿ ಹೋದರು. ಇವಳಿಗೆ ಮಾತ್ರ ಅದೇ ನಿಲಯದಲ್ಲಿ ಇನ್ನೂ ಮೂರು ತಿಂಗಳು.

ಈಗ ದಿನವೂ ಬರಿಗೈಯಲ್ಲಿ ಬಂದು ಅಜ್ಜಿಯ ಪಕ್ಕ ಅಂಗಿ ಮಡಿಸುತ್ತಾಳೆ. ಹತ್ತನೆಯ ದಿನ ಮೇಜಿನ ಕೆಳಗಿನಿಂದ ಪ್ರಶ್ನೆ ಬಂತು.

"ಅಜ್ಜಿ, ಈ ಅಕ್ಕಂಗೆ ಬರೆಯೋದು ಮರೆತುಹೋಯ್ತಾ?"

"ಹೂಂ ಕಂದಾ, ಪಾಪ. ಈಗ ಅವಳೂ ನನ್ನ ಹಾಗೇನೇ."

ಮೇಜಿನ ಕೆಳಗೆ ಗುಂಡಿಗಳನ್ನು ಕೆದಕುವ ಸದ್ದು ಕೇಳಿಸಿತು. ಆಮೇಲೆ ಕಣ್ಣು ಒಡೆದ ಗುಂಡಿಯನ್ನು ಹಿಡಿದ ಪುಟ್ಟ ಕೈಯೊಂದು ಹೊರಗೆ ಚಾಚಿಕೊಂಡಿತು.

"ತಗೋ ಅಕ್ಕಾ. ಇವತ್ತು ನೀನು ಪೊಲೀಸು."